ಹಿತ್ತಿಲ ಬೆಂಡೆಯ ಬೀಜ

ಬೀಜವೆಂಬುದು ಅಂಗಡಿಯಲ್ಲಿ ಕೊಳ್ಳುವ ಪದಾರ್ಥವೆಂಬ ಭಾವನೆ ನಮ್ಮಲ್ಲಿ ಬಹಳ ಹಳೆಯದಲ್ಲ. ಎರಡು ಮೂರು ತಲೆಮಾರುಗಳ ಹಿಂದೆ ಕರಾವಳಿಯ ಒಕ್ಕಲುಮನೆಗಳಲ್ಲಿ, ಅಡುಗೆಮನೆಯ ಒಲೆಯ ಮೇಲುಗಡೆ ಹೊಗೆ ತಾಕುವ ಎಡೆಯಲ್ಲಿ, ಹೀರೆ ಸೋರೆಗಳ ಒಣಗಾಯಿಗಳ ನಡುವೆ, ಬಾಳೆನಾರಿನಿಂದ ಕಟ್ಟಿ ತೂಗುಹಾಕಿದ ಬೆಂಡೆಯ ಬೀಜಗಾಯಿಗಳು ಕಾಣುತ್ತಿದ್ದವು. ಮುಂದಿನ ಮಳೆಗಾಲದ ಬೆಳೆ ಆ ಗೊಂಚಲನ್ನೇ ಆಶ್ರಯಿಸಿತ್ತು.

ಬೆಂಡೆಯ ಜನ್ಮಭೂಮಿಯ ವಿಷಯದಲ್ಲಿ ಸಸ್ಯಶಾಸ್ತ್ರಜ್ಞರಿಗೆ ಇನ್ನೂ ಏಕಾಭಿಪ್ರಾಯವಿಲ್ಲ. ಇಥಿಯೋಪಿಯದ ಉನ್ನತ ಪ್ರದೇಶವೆಂದು ಕೆಲವರೂ, ಪಶ್ಚಿಮ ಆಫ್ರಿಕವೆಂದು ಕೆಲವರೂ, ಭಾರತವೇ ಎಂದು ಮತ್ತೆ ಕೆಲವರೂ ಹೇಳುವರು. 1753ರಲ್ಲಿ ಲಿನ್ನೇಯಸ್ ಅದನ್ನು ದಾಸವಾಳದ ಕುಲಕ್ಕೆ ಸೇರಿಸಿದನು. ಬೆಳಗ್ಗೆ ಅರಳಿ ಸಂಜೆಯೊಳಗೆ ಮುದುಡುವ, ಕೆನೆಹಳದಿಯ ದಳಗಳ ನಡುವೆ ಕಡುಗೆಂಪಿನ ಬೊಟ್ಟನ್ನಿಟ್ಟುಕೊಂಡ ಆ ಹೂವನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು.

ನಮ್ಮ ನಾಡಿನಲ್ಲಿ ಬೆಂಡೆ ಹಲವು ರೂಪಗಳನ್ನು ತಳೆಯಿತು. ಕರಾವಳಿಯವರು ಊರಬೆಂಡೆಯೆಂದು ಕರೆಯುವ ತಳಿಯ ಕಾಯಿ ತಿಳಿಹಸುರು, ನೀಳ, ಎಂಟು ಏಣುಗಳುಳ್ಳದ್ದು; ಪೇಟೆಯಲ್ಲಿ ಸಿಕ್ಕುವ ಕಡುಹಸುರಿನ ಐದೇಣಿನ ಕಾಯಿಗಿಂತ ಮೃದು. ಮುಂಗಾರಿಗೆ ಮೊದಲು ಸುಡುಮಣ್ಣನ್ನೂ ಹಟ್ಟಿಗೊಬ್ಬರವನ್ನೂ ಬೆರೆಸಿ ದಿಬ್ಬ ಮಾಡಿ, ಒಂದಿರುಳು ನೀರಿನಲ್ಲಿ ನೆನೆದ ಬೀಜಗಳನ್ನು ಗುಳಿಗೆ ಎರಡರಂತೆ ಊರಿ, ವಾರದೊಳಗೆ ಮೊಳೆತವುಗಳಲ್ಲಿ ಬಲವಾದುದೊಂದನ್ನು ಮಾತ್ರ ಉಳಿಸಿಕೊಂಡರೆ, ಆಟಿಯ ಜಡಿಮಳೆಯಲ್ಲಿ ಬೇರೆ ತರಕಾರಿ ದುರ್ಲಭವಾದಾಗ ಹುಳಿಗೂ ಸಾಸಿವೆಗೂ ಬೆಂಡೆ ಒದಗುತ್ತಿತ್ತು. ಮಂಡ್ಯದ ಕಡೆ ಬೆಂಡೆಗಿಡಕ್ಕೆ ಇನ್ನೊಂದು ಕಾರ್ಯವೂ ಉಂಟು. ಆಲೆಮನೆಯಲ್ಲಿ ಅದರ ಕಾಂಡವನ್ನು ಜಜ್ಜಿ ನೀರಿನಲ್ಲಿ ಕಿವುಚಿ ತೆಗೆದ ಲೋಳೆಯನ್ನು ಕುದಿಯುವ ಕಬ್ಬಿನ ಹಾಲಿಗೆ ಸುರಿದರೆ ಕಲ್ಮಷವೆಲ್ಲ ಹೆಪ್ಪುಗಟ್ಟಿ ಮೇಲಕ್ಕೆ ತೇಲುತ್ತದೆ. ಅದನ್ನು ಜಾಲರಿಯಿಂದ ತೆಗೆದುಹಾಕಿದರೆ ಬೆಲ್ಲಕ್ಕೆ ಹೊಂಬಣ್ಣ ಬರುತ್ತದೆ.

ಬೀಜದ ಆಯ್ಕೆ ಬಹುಮಟ್ಟಿಗೆ ಹೆಂಗಸರ ಅಧಿಕಾರದಲ್ಲಿತ್ತು. ಗಿಡಗಳಲ್ಲೆಲ್ಲ ರೋಗವಿಲ್ಲದ, ಬೇಗ ಕಾಯಿಬಿಟ್ಟ ಗಿಡವನ್ನು ಗುರುತಿಸಿ, ಬುಡದ ಕಡೆಯ ಒಂದೆರಡು ಒಳ್ಳೆಯ ಕಾಯಿಗಳಿಗೆ ಬಟ್ಟೆಯ ಚೂರನ್ನು ಕಟ್ಟಿಬಿಟ್ಟರೆ ಅವನ್ನು ಮನೆಯಲ್ಲಿ ಯಾರೂ ಕೊಯ್ಯುವಂತಿರಲಿಲ್ಲ. ಕಾಯಿ ಬಲಿತು, ಕಂದುಬಣ್ಣಕ್ಕೆ ತಿರುಗಿ, ಏಣುಗಳು ತಾವಾಗಿ ಬಿರಿಯತೊಡಗಿದಾಗ ಅದನ್ನು ತಂದು, ಬೂದಿಯಲ್ಲಿ ಹೊರಳಿಸಿ ಇಡುವರು. ಬೆಂಡೆ ಬಹುತೇಕ ಸ್ವಪರಾಗದಿಂದಲೇ ಕಾಯಿಗಟ್ಟುವ ಗಿಡವಾದುದರಿಂದ ತಳಿ ಹೆಚ್ಚು ಕೆಡುವುದಿಲ್ಲ. ಆದರೆ ಜೇನುನೊಣಗಳು ಸ್ವಲ್ಪ ಬೆರಕೆಯನ್ನು ಮಾಡಿಯೇ ಮಾಡುತ್ತವೆ, ಹಾಗೆ ಹುಟ್ಟಿದ ಅನ್ಯರೂಪದ ಗಿಡದಿಂದ ಬೀಜ ಹಿಡಿಯಬಾರದೆಂಬ ವಿವೇಕ ಅವರಿಗಿತ್ತು. ತವರಿನಿಂದ ಗಂಡನ ಮನೆಗೆ ಸೆರಗಿನ ಗಂಟಿನಲ್ಲಿ ಹೋದ ಬೀಜಗಳೇ ಊರಿಂದೂರಿಗೆ ತಳಿಯನ್ನು ಹಬ್ಬಿಸಿದವು. ಅಕ್ಷರಕ್ಕೆ ಏರದ ಈ ಜ್ಞಾನವು ತಳಿವಿಜ್ಞಾನವೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಮನೆಯಲ್ಲೇ ಬೀಜ ಹಿಡಿಯುವ ಈ ಪದ್ಧತಿ ಕ್ಷೀಣಿಸಿದ್ದು ಯಾರ ದುರುದ್ದೇಶದಿಂದಲೂ ಅಲ್ಲ. ಬಿಳಿನೊಣದಿಂದ ಹರಡುವ, ಎಲೆಯ ನರಗಳನ್ನೆಲ್ಲ ಹಳದಿಯ ಬಲೆಯಾಗಿಸುವ ನಂಜುರೋಗವು 1924ರಲ್ಲಿ ಮುಂಬಯಿ ಪ್ರಾಂತದಿಂದ ಮೊದಲು ವರದಿಯಾಯಿತು. ಎಳೆಯ ಗಿಡಕ್ಕೆ ಅದು ತಗುಲಿದರೆ ಬೆಳೆ ಕೈಗೆ ಹತ್ತದು. ಅದನ್ನು ತಡೆಯುವ ಹಂಬಲದಿಂದ ದೆಹಲಿಯಲ್ಲಿ 1950ರ ದಶಕದಲ್ಲಿ ಪೂಸಾ ಸಾವನಿಯೆಂಬ ತಳಿ ರೂಪುಗೊಂಡಿತು. ಕಾಲಕ್ರಮದಲ್ಲಿ ಅದೂ ರೋಗಕ್ಕೆ ಸೋತಿತು. 1967ರಲ್ಲಿ ಸ್ಥಾಪಿತವಾದ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಂಡೆಯ ಕಾಡುಬಂಧುವೊಂದರೊಡನೆ ಸಂಕರಗೊಳಿಸಿ ಅರ್ಕಾ ಅನಾಮಿಕವೆಂಬ ತಳಿಯನ್ನು ಪಡೆದರು. ಪ್ರಯೋಗಾಲಯದ ವಿದ್ವಾಂಸರೂ ಶಕ್ತಿಗಾಗಿ ಯಾರೂ ಬಿತ್ತದ ಕಾಡುಗಿಡವನ್ನೇ ಅರಸಿ ಹೋಗಬೇಕಾಯಿತೆಂಬುದನ್ನು, ಹಳೆಯ ಬೀಜವನ್ನು ನಿರುಪಯೋಗಿಯೆನ್ನುವವರು ಗಮನಿಸಬೇಕು.

ಆಮೇಲೆ ಬಂದುದು ಸಂಕರಬೀಜ. ರಾಣೆಬೆನ್ನೂರಿನ ಸುತ್ತಿನ ಹೊಲಗಳಲ್ಲಿ, ನಾಳೆ ಅರಳಬೇಕಾದ ಮೊಗ್ಗನ್ನು ಇಂದು ಸಂಜೆ ಬಿಡಿಸಿ ಕೇಸರವನ್ನು ಕಿತ್ತು, ಮರುದಿನ ಬೆಳಗ್ಗೆ ಬೇರೆ ಗಿಡದ ಪರಾಗವನ್ನು ಮುಟ್ಟಿಸುವ ಸೂಕ್ಷ್ಮ ಕಾರ್ಯವನ್ನು ಮಾಡುವವರಲ್ಲಿ ಹೆಚ್ಚಿನವರು ಹೆಂಗಸರೇ. ಆದರೆ ಆ ಬೀಜದ ಬೆಳೆಯಿಂದ ಮತ್ತೆ ಬೀಜ ಹಿಡಿದರೆ ತಾಯಿಯ ಗುಣ ಸರಿಯಾಗಿ ಇಳಿಯುವುದಿಲ್ಲವಾದುದರಿಂದ, ಬಿತ್ತುವವನು ವರ್ಷವರ್ಷವೂ ಕೊಳ್ಳಲೇಬೇಕು. ಮಾರುಕಟ್ಟೆಗೆ ಬೆಳೆಯುವವನಿಗೆ ಇದು ಲಾಭದಾಯಕವಾಗಿರಬಹುದು, ಅದನ್ನು ನಾನು ಆಕ್ಷೇಪಿಸಲಾರೆ. ಹತ್ತು ಗಿಡಗಳ ಹಿತ್ತಿಲಿಗೆ ಇದರ ಅಗತ್ಯವೇ ಇಲ್ಲ.

ತನ್ನ ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡಿಕೊಳ್ಳುವ ರೈತನ ಹಕ್ಕನ್ನು 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಸ್ಪಷ್ಟವಾಗಿ ಮನ್ನಿಸಿದೆ. ಊರಬೆಂಡೆಯ ನಾಲ್ಕು ಬೀಜ ದೊರೆತ ವಾಚಕರು ಒಂದು ಗಿಡದ ಕಾಯಿಗಳನ್ನಾದರೂ ಕೊಯ್ಯದೆ ಒಣಗಲು ಬಿಟ್ಟು, ಆ ಬೀಜವನ್ನು ನೆರೆಯ ಎರಡು ಮನೆಗಳಿಗೆ ಹಂಚಬೇಕೆಂದು ಬೇಡುತ್ತೇನೆ. ವಿಳಂಬಿಸಬಾರದು, ಮನೆಯಲ್ಲಿಟ್ಟ ಬೆಂಡೆಯ ಬೀಜಕ್ಕೆ ಮೊಳೆಯುವ ಶಕ್ತಿ ಉಳಿಯುವುದು ಎರಡು ಮೂರು ವರ್ಷ ಮಾತ್ರ.