ತುಂಬಿಸಿಕೊಡು

ಕೊಡ ತುಂಬುತ್ತದೆ, ಕೆರೆ ತುಂಬುತ್ತದೆ, ಮಗುವಿಗೆ ವರ್ಷ ತುಂಬುತ್ತದೆ. ಬ್ಯಾಂಕಿನಲ್ಲಿ ಫಾರಂ ತುಂಬುತ್ತೇವೆ, ಸೊಸೆಯನ್ನು ಮನೆ ತುಂಬಿಸಿಕೊಳ್ಳುತ್ತೇವೆ. ಎಂಬತ್ತರ ದಶಕದಲ್ಲಿ ಈ ‘ತುಂಬು’ ಕ್ಯಾಸೆಟ್ಟಿಗೂ ಬಂತು. ಹಾಡುಗಳ ಚೀಟಿ ಹಿಡಿದು ರೆಕಾರ್ಡಿಂಗ್ ಅಂಗಡಿಗೆ ಹೋದವರು ‘ಇಷ್ಟು ತುಂಬಿಸಿಕೊಡಿ’ ಅನ್ನುತ್ತಿದ್ದರು. ಮನೆಯಲ್ಲಿ ರೇಡಿಯೋ, ಟೇಪ್‌ರೆಕಾರ್ಡರ್ ಎರಡೂ ಸೇರಿದ ಟೂ-ಇನ್-ಒನ್ ಇದ್ದವರಿಗಂತೂ ಗೆಳೆಯರ ಕಾಟ: ‘ಲೋ, ನನಗೂ ಒಂದು ತುಂಬಿಸಿಕೊಡೋ.’

ಕ್ಯಾಸೆಟ್ಟಿಗೆ ಇದಕ್ಕಿಂತ ಒಪ್ಪುವ ಮಾತಿಲ್ಲ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಆ ಪುಟ್ಟ ಡಬ್ಬಿಯೊಳಗಿನ ಟೇಪಿನ ಅಗಲ ನಾಲ್ಕು ಮಿಲಿಮೀಟರಿಗೂ ಕಡಿಮೆ. ಓಟ ಸೆಕೆಂಡಿಗೆ 4.76 ಸೆಂಟಿಮೀಟರ್. ಸಿ-60 ಆದರೆ ಒಂದು ಸೈಡಿಗೆ 30 ನಿಮಿಷ, ಸಿ-90 ಆದರೆ 45. ಅದಕ್ಕೂ ಒಂದು ಕಂಠಮಟ್ಟವಿತ್ತು. ಸೈಡ್ ಎ ಮುಗಿಯುವ ಹೊತ್ತಿಗೆ ಕಿಟಕಿಯಲ್ಲಿ ಇಣುಕಿ, ಉಳಿದ ಕಂದು ಟೇಪು ಇನ್ನೊಂದು ಭಾವಗೀತೆಗೆ ಸಾಕಾದೀತೇ ಎಂದು ಅಂದಾಜು ಹಾಕಬೇಕು. ತಪ್ಪಿದರೆ ಕೊನೆಯ ಚರಣದ ನಡುವೆಯೇ ಟಕ್ಕೆಂದು ಗುಂಡಿ ಮೇಲೇಳುತ್ತಿತ್ತು.

ರೇಡಿಯೋದ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ತುಂಬಿಸುವುದಂತೂ ಧ್ಯಾನವೇ ಸರಿ. ರೆಕಾರ್ಡ್, ಪ್ಲೇ ಎರಡೂ ಗುಂಡಿ ಒಟ್ಟಿಗೆ ಅದುಮಿ, ಪಾಜ್ ಮೇಲೆ ಬೆರಳಿಟ್ಟು ಕಾಯಬೇಕು. ಉದ್ಘೋಷಕಿಯ ಮಾತು ಮುಗಿದು ವಾದ್ಯ ಶುರುವಾಗುವ ಆ ಸಂದಿನಲ್ಲಿ ಬೆರಳು ಬಿಡಬೇಕು. ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ ಕೂಗಿದರೆ ಆ ಕೂಗೂ ಒಳಗೆ. ಮೂರು ನಿಮಿಷದ ಹಾಡಿಗೆ ಮೂರು ನಿಮಿಷವೂ ಕೂರಲೇಬೇಕು. ಉಡಿ ತುಂಬುವಾಗ ಅಕ್ಕಿ, ತೆಂಗಿನಕಾಯಿ, ಕಣವನ್ನು ಒಂದೊಂದಾಗಿ ಮಡಿಲಿಗಿಡುತ್ತಾರಲ್ಲ, ಹಾಗೆ ಒಂದೊಂದೇ ಹಾಡು. ಎಲ್ಲ ಮುಗಿದ ಮೇಲೆ ಬೆನ್ನಿನ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಟ್ಟರೆ ಬೇರೆ ಯಾರಾದರೂ ಅದರ ಮೇಲೆ ಇನ್ನೇನನ್ನೋ ತುಂಬಿಸುವ ಭಯವಿಲ್ಲ. (ಆ ತೂತಿಗೆ ಗಮ್‌ಟೇಪ್ ಅಂಟಿಸಿ ತುಂಬಿಸಿದವರೂ ಇದ್ದರು ಅನ್ನಿ!) ನಮ್ಮ ಕರಾವಳಿಯಿಂದ ಗಲ್ಫ್‌ಗೆ ದುಡಿಯಲು ಹೋದವರ ಮನೆಗಳಲ್ಲಿ ಕಾಗದದ ಬದಲು ಮಾತನ್ನೇ ತುಂಬಿಸಿ ಕಳಿಸಿದ್ದೂ ಉಂಟು.

ಆಮೇಲೆ ಮೆಮೊರಿ ಕಾರ್ಡ್ ಬಂತು. ಮೊಬೈಲ್ ಅಂಗಡಿಯವರೂ ಹಾಡು ‘ತುಂಬಿಸಿ’ಯೇ ಕೊಟ್ಟರು, ಆದರೆ ನೂರಾರು ಹಾಡು ಒಂದೇ ಸಲಕ್ಕೆ ಸುರಿದದ್ದು. ಈಗ ‘ಲಿಂಕ್ ಕಳಿಸ್ತೀನಿ’ ಅನ್ನುತ್ತೇವೆ. ಹಾಡು ಸಿಗುವುದು ಸುಲಭವಾಯಿತು, ಅದಕ್ಕೆ ನನ್ನ ತಕರಾರಿಲ್ಲ. ತುಂಬಿಸಿಕೊಡುವವರು ಇಲ್ಲವಾದರಲ್ಲ, ಅದು ನನಗೆ ನಿಜವಾದ ನಷ್ಟ.

ನಿಮ್ಮ ಅಟ್ಟದ ಮೇಲೆ ಅಂಥದ್ದೊಂದು ಕ್ಯಾಸೆಟ್ ಇದ್ದರೆ ಈ ಮಳೆಗಾಲಕ್ಕೆ ಮೊದಲೇ ಇಳಿಸಿ. ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಓಡುವ ಪ್ಲೇಯರ್ ಯಾರ ಹತ್ತಿರವಿದೆಯೋ ವಿಚಾರಿಸಿ, ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಅದರೊಳಗಿನ ಹಾಡುಗಳು ಬೇರೆಲ್ಲಾದರೂ ಸಿಕ್ಕಾವು. ಒಬ್ಬರು ನಿಮಗೆಂದೇ ಕೂತು ಜೋಡಿಸಿದ ಆ ಸಾಲು, ನಡುವೆ ಸಿಕ್ಕಿಬಿದ್ದ ಅಮ್ಮನ ಆ ಕೂಗು ಇರುವುದು ಅದೊಂದೇ ಟೇಪಿನಲ್ಲಿ.