ಕಟ್ಟಿನ ಹದ

1966ರಲ್ಲಿ ಜಪಾನಿನಲ್ಲೊಂದು ಬೌದ್ಧ ಶ್ರಾದ್ಧಕರ್ಮ. ಯೋಶಿಯಾಕಿ ಸಾಟೊ ಎಂಬ 18ರ ತರುಣ ನಮ್ಮ ವಜ್ರಾಸನವನ್ನು ಹೋಲುವ ಭಂಗಿಯಲ್ಲಿ ಬಹಳ ಹೊತ್ತು ಕೂತಿದ್ದ. ಕಾಲು ಜೋಮು ಹಿಡಿಯಿತು. ಮೀನಖಂಡ ನೀವಿಕೊಂಡರೆ ಅದು ಉಬ್ಬಿ ಗಟ್ಟಿಯಾಗಿತ್ತು. ದೇಹದಾರ್ಢ್ಯದ ಗೀಳಿದ್ದ ಅವನಿಗೆ ಆ ಬಿಗುವು ಪರಿಚಿತ. ಕಸರತ್ತು ಮಾಡಿದ ಮೇಲೆ ಆಗುವಂಥದ್ದೇ. ರಕ್ತದ ಓಟಕ್ಕೆ ತುಸು ತಡೆಯೊಡ್ಡಿದರೆ ಹಗುರ ಶ್ರಮಕ್ಕೂ ಸ್ನಾಯು ಬೆಳೆದೀತೇ? ಸೈಕಲ್ ಟ್ಯೂಬು, ಜೂಡೊ ಬೆಲ್ಟುಗಳನ್ನು ತೋಳು ತೊಡೆಗಳಿಗೆ ಬಿಗಿದುಕೊಂಡು ಅವನು ವರ್ಷಗಟ್ಟಲೆ ತನ್ನ ಮೇಲೇ ಪ್ರಯೋಗಿಸಿದ. ಮುಂದೆ ಆ ಪದ್ಧತಿಗೆ 'ಕಾಟ್ಸು' ಎಂಬ ಹೆಸರಾಯಿತು. ಒತ್ತಡ ಸೇರಿಸುವುದು ಎಂದು ಅದರರ್ಥ.

ಹೊಳಹು ಸಾಟೊನದು. ಆದರೆ ಅದರ ಹಿಂದಿನ ದೇಹತತ್ವ ಹಳೆಯದು. ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ 'ಡಿ ಮೋಟು ಕಾರ್ಡಿಸ್' ಗ್ರಂಥದಲ್ಲಿ ಎರಡು ಬಗೆಯ ಕಟ್ಟುಗಳ ವಿವರಣೆಯಿದೆ. ತೋಳನ್ನು ಬಲವಾಗಿ ಬಿಗಿದರೆ ಕಟ್ಟಿನ ಕೆಳಗೆ ನಾಡಿ ನಿಲ್ಲುತ್ತದೆ, ಕೈ ತಣ್ಣಗಾಗುತ್ತದೆ. ಸ್ವಲ್ಪ ಸಡಿಲಿಸಿದರೆ ಆಳದ ಅಪಧಮನಿಗಳಲ್ಲಿ ರಕ್ತ ಇಳಿದು ಬರುತ್ತದೆ, ಮೇಲ್ಪದರದ ಅಭಿಧಮನಿಗಳಲ್ಲಿ ಮರಳಲಾರದೆ ಉಳಿಯುತ್ತದೆ. ಕೈ ಕೆಂಪಗೆ ಊದಿಕೊಳ್ಳುತ್ತದೆ. ರಕ್ತ ಸುತ್ತುತ್ತದೆ ಎಂಬುದಕ್ಕೆ ಹಾರ್ವೆ ಕೊಟ್ಟ ಸಾಕ್ಷಿಗಳಲ್ಲಿ ಇದೊಂದು.

ಮುಂದಿನ ಶಸ್ತ್ರವೈದ್ಯರಿಗೆ ಬೇಕಾದದ್ದು ಮೊದಲ ಕಟ್ಟು. ಜರ್ಮನಿಯ ಎಸ್ಮಾರ್ಕ್ 1873ರಲ್ಲಿ ರಬ್ಬರ್ ಪಟ್ಟಿ ಸುತ್ತಿ ರಕ್ತ ಚೆಲ್ಲದ ಶಸ್ತ್ರಚಿಕಿತ್ಸೆಯನ್ನು ವಿವರಿಸಿದ. ಅಮೆರಿಕದ ಹಾರ್ವೆ ಕುಶಿಂಗ್ 1904ರಲ್ಲಿ ಗಾಳಿ ತುಂಬುವ ಪಟ್ಟಿಯನ್ನು ತಂದ. ಒತ್ತಡವನ್ನು ಅಳೆಯುವುದು ಸಾಧ್ಯವಾಯಿತು. ಎರಡನೆಯ ಕಟ್ಟಿಗೆ ಹೊಸ ಉಪಯೋಗ ಹೊಳೆಯಲು ಸಾಟೊನ ಜೋಮುಗಾಲು ಬೇಕಾಯಿತು.

1973ರಲ್ಲಿ ಸ್ಕೀಯಿಂಗ್ ಅಪಘಾತದಲ್ಲಿ ಸಾಟೊನ ಕಣಕಾಲಿನ ಮೂಳೆ ಮುರಿಯಿತು, ಮಂಡಿಯ ಅಸ್ಥಿರಜ್ಜುವಿಗೂ ಪೆಟ್ಟಾಯಿತು. ಪ್ಲಾಸ್ಟರ್ ಹಾಕಿದ ಕಾಲು ಕೆಲವೇ ವಾರಗಳಲ್ಲಿ ಸೊರಗುತ್ತದೆ. ಅವನು ತೊಡೆಗೆ ಪಟ್ಟಿ ಬಿಗಿಯುತ್ತ ಸಡಿಲಿಸುತ್ತ ದಿನವೂ ಅಭ್ಯಾಸ ಮಾಡಿದ. ಬೇಗನೆ ಚೇತರಿಸಿಕೊಂಡೆ ಎಂದು ಹೇಳಿಕೊಂಡ.

ಒಬ್ಬನ ಅನುಭವ ವಿಜ್ಞಾನವಲ್ಲ. ಪರೀಕ್ಷೆ ನಡೆದದ್ದು ಕಾಲು ಶತಮಾನದ ನಂತರ. ಟಕರಾಡ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಂಡಿಯ ಅಸ್ಥಿರಜ್ಜು ಶಸ್ತ್ರಚಿಕಿತ್ಸೆಯಾದ 16 ರೋಗಿಗಳಿದ್ದರು. ಮೊದಲ ಎರಡು ವಾರದಲ್ಲಿ ಸಾಮಾನ್ಯ ಆರೈಕೆಯವರ ತೊಡೆಯ ಮುಂಭಾಗದ ಸ್ನಾಯು ಸುಮಾರು 21% ಕುಗ್ಗಿತು. ಆಗಾಗ ಪಟ್ಟಿಯ ಒತ್ತಡ ಪಡೆದವರದು ಸುಮಾರು 9%. ಗುಂಪು ಸಣ್ಣದು, ಆದರೆ ಪ್ರಶ್ನೆ ದೊಡ್ಡದು.

ಸ್ನಾಯು ಬಲಿಯಲು ಗರಿಷ್ಠ ಸಾಮರ್ಥ್ಯದ 70% ಆದರೂ ಭಾರ ಎತ್ತಬೇಕು ಎಂಬುದು ವ್ಯಾಯಾಮದ ಹಳೆಯ ಪಾಠ. ಹೊಲಿಗೆ ಮಾಗದ ಮಂಡಿ, ಸವೆದ ಕೀಲು ಅದನ್ನು ತಾಳಲಾರವು. ಬಲ ಬೇಕಾದವರಿಗೇ ಬಲದ ದಾರಿ ಮುಚ್ಚಿರುತ್ತದೆ. ಪಟ್ಟಿ ಕಟ್ಟಿದರೆ 20ರಿಂದ 30% ಭಾರವೂ ಕೆಲಸ ಮಾಡುತ್ತದೆ. ಆಮ್ಲಜನಕ ಕಡಿಮೆಯಾಗಿ, ಶ್ರಮದ ಉಳಿಕೆಗಳು ಅಲ್ಲೇ ಶೇಖರವಾಗಿ, ದಣಿವು ಬೇಗ ಬರುತ್ತದೆ. ಸಾಮಾನ್ಯವಾಗಿ ದೊಡ್ಡ ಭಾರಕ್ಕೆ ಮಾತ್ರ ಎಚ್ಚರಗೊಳ್ಳುವ ಸ್ನಾಯುತಂತುಗಳೂ ದುಡಿಯತೊಡಗುತ್ತವೆ.

ಇಂದು ತಜ್ಞರು ಅಪಧಮನಿ ಪೂರ್ತಿ ಮುಚ್ಚುವ ಒತ್ತಡವನ್ನು ಪ್ರತಿಯೊಬ್ಬರಿಗೂ ಬೇರೆಯಾಗಿ ಅಳೆದು, ಅದರ 40ರಿಂದ 80% ಮಾತ್ರ ಬಳಸುತ್ತಾರೆ. ರಕ್ತ ಹೆಪ್ಪುಗಟ್ಟುವ ತೊಂದರೆಯಿದ್ದವರಿಗೆ ಇದು ಅಪಾಯವಾಗಬಹುದು. ಮನೆಯಲ್ಲಿ ಹಗ್ಗ ಬಿಗಿದು ಮಾಡುವ ಸಾಹಸ ಇದಲ್ಲ. ಹಾರ್ವೆಯ ಎರಡು ಕಟ್ಟುಗಳ ನಡುವೆ ಇದ್ದ ವ್ಯತ್ಯಾಸ ಬಿಗಿಯದಷ್ಟೆ. ನಾಲ್ಕು ಶತಮಾನಗಳ ನಂತರವೂ ಚಿಕಿತ್ಸೆ ಮತ್ತು ಅಪಾಯಗಳ ನಡುವೆ ಇರುವುದು ಅದೇ ಹದ.