ರಕ್ತಪಿಶಾಚಿ ಚಿತ್ರಗಳು: ದಂಡು ಪ್ರದೇಶದ ಬೆಳ್ಳಿತೆರೆಯಿಂದ ಬಾಡಿಗೆ ಕ್ಯಾಸೆಟ್ಟಿನವರೆಗೆ

ಕಡಿಮೆ ಬಂಡವಾಳದಲ್ಲಿ ಭಯವನ್ನೂ ಶೃಂಗಾರವನ್ನೂ ಬೆರೆಸಿ ತಯಾರಿಸಿದ ರಕ್ತಪಿಶಾಚಿ ಚಿತ್ರಗಳಿಗೆ ಭಾರತದಲ್ಲಿ ಎರಡು ಬದುಕುಗಳಿವೆ. ಒಂದು, 'ಎ' ಪ್ರಮಾಣಪತ್ರ ಹೊತ್ತು ಚಿತ್ರಮಂದಿರಗಳಲ್ಲಿ ಕಳೆದ ಕೆಲವೇ ವಾರಗಳದು. ಇನ್ನೊಂದು, ವಿಡಿಯೋ ಕ್ಯಾಸೆಟ್, ವಿಸಿಡಿ, ಡಿವಿಡಿಗಳ ರೂಪದಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಮುಂದುವರಿದದ್ದು. ವಿಮರ್ಶಕರು ಕಡೆಗಣಿಸಿದ, ಪ್ರಶಸ್ತಿ ಸಮಿತಿಗಳ ಕಣ್ಣಿಗೆ ಬೀಳದ ಈ ಚಿತ್ರಗಳು ಇಂದಿಗೂ ನೋಡಲು ಸಿಗುತ್ತಿದ್ದರೆ ಅದಕ್ಕೆ ಈ ಎರಡನೆಯ ಬದುಕೇ ಕಾರಣ. ಬೆಂಗಳೂರಿನ ಮಟ್ಟಿಗೆ ಇವುಗಳ ಸಹಜ ನೆಲೆ ದಂಡು ಪ್ರದೇಶ ಹಾಗೂ ಅದರ ಪೂರ್ವಕ್ಕೆ ಹಬ್ಬಿದ ಬಡಾವಣೆಗಳು.

ಮೂಲ ಎಲ್ಲಿ?

ಕನ್ನಡದ ದೆವ್ವಗಳ ಪೈಕಿ ರಕ್ತ ಹೀರುವವು ಕಡಿಮೆ. ಮೋಹಿನಿ ದಾರಿ ತಪ್ಪಿಸುತ್ತಾಳೆ, ಕೊಳ್ಳಿದೆವ್ವ ಹೆದರಿಸುತ್ತದೆ, ಬೇತಾಳ ಕತೆ ಹೇಳುತ್ತಾನೆ. 1990ರ ದಶಕದಲ್ಲಿ ಬೆಂಗಳೂರಿನ ಮನೆಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆಸಿದ ಪ್ರಸಿದ್ಧ ದೆವ್ವವೂ ಕೂಡ ಬಾಗಿಲು ತಟ್ಟಿ ಕರೆಯುವಂಥದ್ದೇ ಹೊರತು ಕುತ್ತಿಗೆಗೆ ಬಾಯಿ ಹಾಕುವಂಥದ್ದಲ್ಲ. ರಾತ್ರಿ ಎದ್ದು ಬಂದು ರಕ್ತ ಹೀರುವ, ಹಾಗೆ ಹೀರುವಾಗ ಬಲಿಯನ್ನು ಮೋಹಗೊಳಿಸುವ ಶವದ ಕಲ್ಪನೆ ಯುರೋಪಿನ ಸಾಹಿತ್ಯದಿಂದ ಬಂದದ್ದು. ಐರ್ಲೆಂಡಿನ ಶೆರಿಡಾನ್ ಲೆ ಫಾನು ಬರೆದ 'ಕಾರ್ಮಿಲಾ' (1872) ಕತೆಯಲ್ಲಿ ಪಿಶಾಚಿಯೂ ಹೆಣ್ಣು, ಬಲಿಯೂ ಹೆಣ್ಣು. ಬ್ರಾಮ್ ಸ್ಟೋಕರ್‌ನ 'ಡ್ರಾಕುಲಾ' ಬಂದದ್ದು ಅದಾದ ಮೇಲೆ, 1897ರಲ್ಲಿ.

ಈ ಕತೆಗಳೊಳಗೆ ಅಡಗಿದ್ದ ಕಾಮವನ್ನು ತೆರೆಯ ಮೇಲೆ ಬಿಡಿಸಿಟ್ಟದ್ದು ಬ್ರಿಟನ್ನಿನ ಹ್ಯಾಮರ್ ಸಂಸ್ಥೆ. 1958ರ 'ಡ್ರಾಕುಲಾ'ದಲ್ಲಿ ಕ್ರಿಸ್ಟೋಫರ್ ಲೀ ಇದಕ್ಕೆ ನಾಂದಿ ಹಾಡಿದರು. 1970ರ 'ದಿ ವ್ಯಾಂಪೈರ್ ಲವರ್ಸ್'ನಲ್ಲಿ 'ಕಾರ್ಮಿಲಾ' ಕತೆಯೇ ಇಂಗ್ರಿಡ್ ಪಿಟ್ ಅವರ ಅಭಿನಯದಲ್ಲಿ ಬಿಚ್ಚುಮಾತಿನ ಚಿತ್ರವಾಯಿತು. ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಜ್ಯಾಂ ರೋಲ್ಯಾಂ ಹಾಗೂ ಸ್ಪೇನ್ ಮೂಲದ ಹೆಸ್ ಫ್ರಾಂಕೋ ಇನ್ನೂ ಕಡಿಮೆ ಹಣದಲ್ಲಿ, ಇನ್ನೂ ಕಡಿಮೆ ಬಟ್ಟೆಯಲ್ಲಿ ಇಂತಹ ಚಿತ್ರಗಳನ್ನು ತೆಗೆದರು. ಫ್ರಾಂಕೋನ 'ವ್ಯಾಂಪಿರೋಸ್ ಲೆಸ್ಬೋಸ್' 1971ರದು. ನಮ್ಮ ನೆರೆಯಲ್ಲಿ ಲಾಹೋರಿನಲ್ಲಿ ತಯಾರಾದ 'ಜಿಂದಾ ಲಾಶ್' (1967) ಹ್ಯಾಮರ್ ಡ್ರಾಕುಲಾನಿಗೆ ಹಾಡು, ನೃತ್ಯಗಳನ್ನು ಜೋಡಿಸಿತು. ಭಾರತದಲ್ಲಿ ಮುಂದೆ ಹಿಡಿದ ದಾರಿಯೂ ಇದೇ.

ರಾಮ್ಸೆ ಕುಟುಂಬ

ಕರಾಚಿಯಲ್ಲಿ ರೇಡಿಯೋ ಅಂಗಡಿ ಇಟ್ಟುಕೊಂಡಿದ್ದು, ದೇಶ ವಿಭಜನೆಯ ನಂತರ ಮುಂಬಯಿಗೆ ಬಂದು ನೆಲೆಸಿದ ಎಫ್.ಯು. ರಾಮ್ಸೆ ಹಾಗೂ ಅವರ ಏಳು ಮಂದಿ ಗಂಡುಮಕ್ಕಳ ಹೆಸರಿಲ್ಲದೆ ಹಿಂದಿಯ ಭಯಾನಕ ಚಿತ್ರಗಳ ಚರಿತ್ರೆ ಇಲ್ಲ. ಒಬ್ಬ ಮಗ ಚಿತ್ರಕತೆ, ಒಬ್ಬ ಛಾಯಾಗ್ರಹಣ, ಒಬ್ಬ ಧ್ವನಿಗ್ರಹಣ, ಮತ್ತೊಬ್ಬ ಸಂಕಲನ. ನಿರ್ದೇಶನ ಬಹುಪಾಲು ತುಳಸಿ ಮತ್ತು ಶ್ಯಾಮ್ ಅವರದು. ಮೊದಲ ಯಶಸ್ಸು 'ದೋ ಗಜ್ ಜಮೀನ್ ಕೆ ನೀಚೆ' (1972) ಸುಮಾರು ಮೂರೂವರೆ ಲಕ್ಷ ರೂಪಾಯಿಯಲ್ಲಿ ಮುಗಿಯಿತೆಂದು ಹೇಳಲಾಗುತ್ತದೆ. ಮಹಾಬಲೇಶ್ವರದ ಅತಿಥಿಗೃಹವೊಂದರಲ್ಲಿ ಇಡೀ ಬಳಗ ಉಳಿದುಕೊಂಡು, ಮನೆಯ ಹೆಂಗಸರೇ ಅಡುಗೆ ಮಾಡಿ ಹಾಕಿ, ಚಿತ್ರ ತೆಗೆದರು. ಖರ್ಚು ಉಳಿಸುವ ಈ ವಿಧಾನವನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

1984ರ 'ಪುರಾನಾ ಮಂದಿರ್' ದೊಡ್ಡ ಗೆಲುವು ಕಂಡಿತು. ಎತ್ತರದ ನಿಲುವು, ಚೂಪು ಮುಖದ ಅನಿರುದ್ಧ್ ಅಗರ್‌ವಾಲ್ ಅದರ ಸಾಮ್ರಿ. ಹಾಗಿದ್ದೂ ನಿಜಾರ್ಥದಲ್ಲಿ ರಕ್ತಪಿಶಾಚಿ ಚಿತ್ರ ಎನ್ನಬೇಕಾದದ್ದು ಅದೇ ನಟನ 'ಬಂದ್ ದರ್ವಾಜಾ' (1990). ಮಕ್ಕಳಿಲ್ಲದ ಠಾಕೂರನ ಪತ್ನಿ ಕಾಲಿ ಪಹಾಡಿಯ ನೆವ್ಲಾನ ಬಳಿ ಹೋಗುತ್ತಾಳೆ. ಹೆಣ್ಣುಮಗು ಹುಟ್ಟಿದರೆ ಅವನಿಗೇ ಒಪ್ಪಿಸಬೇಕೆಂಬುದು ಕರಾರು. ಬಾವಲಿಯಾಗಿ ಹಾರುವ, ಶವಪೆಟ್ಟಿಗೆಯಲ್ಲಿ ಮಲಗುವ ನೆವ್ಲಾ ವೇಷದಲ್ಲಿ ಡ್ರಾಕುಲಾನೇ. ಆದರೆ ಅವನ ಹಿಡಿತ ಇರುವುದು ಸಂತಾನದ ಹಂಬಲದ ಮೇಲೆ. ಸ್ಟೋಕರನ ಕತೆಯಲ್ಲಿ ಇಲ್ಲದ ಈ ಎಳೆಯೇ ಚಿತ್ರವನ್ನು ಈ ನೆಲದ್ದನ್ನಾಗಿಸಿದೆ. ಅದಕ್ಕೂ ಮುಂಚೆ 'ವೀರಾನಾ' (1988) ದೆವ್ವ ಹಿಡಿದ ಯುವತಿಯನ್ನೇ ಮೋಹಕ ಬೇಟೆಗಾರ್ತಿಯನ್ನಾಗಿ ತೋರಿಸಿತ್ತು. ಪೋಸ್ಟರಿನ ತುಂಬ ಅದರ ನಾಯಕಿ ಜಾಸ್ಮಿನ್ ಅವರ ಮುಖ. ಆ ಬಳಿಕ ಅವರು ಚಿತ್ರರಂಗದಿಂದಲೇ ಮರೆಯಾದರು. ಇಂತಹ ಚಿತ್ರಗಳಲ್ಲಿ ದೆವ್ವ ಆಡಿದವನಿಗೆ ಹೆಸರು ಉಳಿಯಿತು, ನಾಯಕಿಯರಿಗೆ ಹಾಗಾಗಲಿಲ್ಲ.

ವಿನೋದ್ ತಲ್ವಾರ್ ಅವರ 'ವೊಹಿ ಭಯಾನಕ್ ರಾತ್' (1989) ಹಾಲಿವುಡ್ಡಿನ 'ಫ್ರೈಟ್ ನೈಟ್' ಚಿತ್ರದ ಎರವಲು. ಕಿರಣ್ ಕುಮಾರ್ ಅಲ್ಲಿ ಪಿಶಾಚಿ. ಇನ್ನೂ ಕೆಳಗಿನ ಮೆಟ್ಟಿಲಿನಲ್ಲಿ ಹರಿನಾಮ್ ಸಿಂಗ್ ಅವರ 'ಖೂನಿ ಡ್ರಾಕುಲಾ' (1992), 'ಶೈತಾನಿ ಡ್ರಾಕುಲಾ' (2006) ಇವೆ. ಎರಡನೆಯದನ್ನು ಇಂದು ನಗಲಿಕ್ಕೆಂದೇ ನೋಡುವವರಿದ್ದಾರೆ. ಕನ್ನಡದಲ್ಲಿ ಈ ಜಾತಿಯ ಚಿತ್ರಗಳು ಬೇರು ಬಿಡಲಿಲ್ಲ. 'ನಾ ನಿನ್ನ ಬಿಡಲಾರೆ' (1979) ಪ್ರೇತದ ಕತೆ, ಉಪೇಂದ್ರ ಅವರ 'ಶ್!' (1993) ಭಯದ ಹೆಸರಿನಲ್ಲಿ ಕುತೂಹಲದ ಕತೆ. ಎರಡರಲ್ಲೂ ರಕ್ತಪಿಶಾಚಿ ಇಲ್ಲ.

ದಂಡಿನ ನೋಟಗೃಹಗಳು

ಕನ್ನಡಕ್ಕೆ ಡಬ್ಬಿಂಗ್ ಬರಬಾರದೆಂಬ ಅಲಿಖಿತ ನಿರ್ಬಂಧ ದಶಕಗಳ ಕಾಲ ಜಾರಿಯಲ್ಲಿತ್ತು. ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ನೀಡಿದ್ದು 2015ರಲ್ಲಿ. ಹೀಗಾಗಿ ಡ್ರಾಕುಲಾ ಆಗಲಿ, ನೆವ್ಲಾ ಆಗಲಿ ಕನ್ನಡ ಮಾತನಾಡಲಿಲ್ಲ; ನೋಡಬೇಕೆಂದವರು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನೋಡಬೇಕಿತ್ತು. ಉರ್ದು, ತಮಿಳು, ಇಂಗ್ಲಿಷ್ ಬೀದಿಮಾತುಗಳಾಗಿದ್ದ ದಂಡು ಪ್ರದೇಶಕ್ಕೆ ಇದು ತೊಡಕಾಗಲಿಲ್ಲ.

1936ರಲ್ಲಿ ಆರಂಭವಾದ ಮಹಾತ್ಮ ಗಾಂಧಿ ರಸ್ತೆಯ ಪ್ಲಾಜಾ, ಬ್ರಿಗೇಡ್ ರಸ್ತೆಯ ರೆಕ್ಸ್, ರೆಸಿಡೆನ್ಸಿ ರಸ್ತೆಯ ಗ್ಯಾಲಕ್ಸಿ, ಟ್ರಿನಿಟಿ ವೃತ್ತದ ಲಿಡೊ ಇಂಗ್ಲಿಷ್ ಚಿತ್ರಗಳ ತಾಣಗಳು. ಬಂದೂಕು ಸ್ವಯಂಸೇವಕ ಪಡೆಯ ಹೆಸರು ಹೊತ್ತ ಕಬ್ಬನ್ ರಸ್ತೆಯ ಬಿಆರ್‌ವಿ ಕೂಡ ಇದೇ ಸಾಲಿನದು. ಶಿವಾಜಿನಗರದ ಎಲ್ಜಿನ್ ನಗರದ ಅತಿ ಹಳೆಯ ಚಿತ್ರಮಂದಿರಗಳಲ್ಲಿ ಒಂದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಾಟಕಶಾಲೆಯಾಗಿ ಹುಟ್ಟಿದ್ದು. ಇವುಗಳಲ್ಲಿ ಬಹುಪಾಲು ಈಗಿಲ್ಲ. ಪ್ಲಾಜಾ ಇದ್ದ ಜಾಗ ಮೆಟ್ರೋ ಪಾಲಾಯಿತು, ಲಿಡೊ ಮಾಲ್ ಆಯಿತು, ರೆಕ್ಸ್ 2018ರ ಕೊನೆಯ ದಿನ ತೆರೆ ಎಳೆಯಿತು.

ಚಿತ್ರಮಂದಿರದಲ್ಲಿ ಕಂಡದ್ದು ಯಾವ ಚಿತ್ರ ಎಂಬುದೂ ಒಂದು ಪ್ರಶ್ನೆಯೇ. ಸೆನ್ಸಾರ್ ಮಂಡಳಿ ರಕ್ತ ಹಾಗೂ ನಗ್ನತೆ ಎರಡಕ್ಕೂ ಕತ್ತರಿ ಹಾಕುತ್ತಿತ್ತು. ಜಿಗಿದು ಬೀಳುವ ದೃಶ್ಯ, ಅರ್ಧಕ್ಕೇ ತುಂಡಾಗುವ ಸಂಗೀತ ಈ ಚಿತ್ರಗಳ ಲಕ್ಷಣವೇ ಆಗಿಹೋದವು. ಇದಕ್ಕೆ ತದ್ವಿರುದ್ಧವಾಗಿ, ಪ್ರಮಾಣಪತ್ರ ಪಡೆದ ಪ್ರತಿಗೆ ಬೇರೆಲ್ಲಿಂದಲೋ ತಂದ ತುಣುಕುಗಳನ್ನು ಸೇರಿಸುವ 'ಬಿಟ್' ಪದ್ಧತಿ ದೇಶದ ಹಲವೆಡೆ ನಡೆಯಿತು. 1952ರ ಸಿನೆಮಾಟೊಗ್ರಾಫ್ ಕಾಯ್ದೆಯ 7ನೇ ವಿಧಿಯಡಿ ಅದು ಶಿಕ್ಷಾರ್ಹ ಅಪರಾಧ. ಆ ತುಣುಕಿಗೂ ಚಿತ್ರದ ನಟಿಗೂ ಸಂಬಂಧ ಇರಲೇಬೇಕೆಂದಿರಲಿಲ್ಲ. ಕೆಟ್ಟ ಹೆಸರು ಮಾತ್ರ ಆಕೆಯದೇ.

ವಿಡಿಯೋ ಬಂದ ಮೇಲೆ

1982ರ ಏಷ್ಯನ್ ಕ್ರೀಡಾಕೂಟದ ಜತೆಗೆ ಬಣ್ಣದ ಟಿವಿ ಬಂತು, ಅದರ ಹಿಂದೆಯೇ ವಿಸಿಆರ್. ಅದನ್ನು ಕೊಳ್ಳಬಲ್ಲವರು ಕಡಿಮೆ. ಬಾಡಿಗೆಗೆ ತರುವವರೇ ಹೆಚ್ಚು. ಇಂದಿರಾನಗರದಂತಹ ಹೊಸ ಬಡಾವಣೆಯಲ್ಲಿ ಕ್ಯಾಸೆಟ್ ಮನೆಯೊಳಗೆ ಹೋಯಿತು. ಹಳೆಯ ಹಲಸೂರು, ಶಿವಾಜಿನಗರದ ಗಲ್ಲಿಗಳಲ್ಲಿ, ಐಟಿಐ ಕಾರ್ಖಾನೆಯ ನೆರೆಯಲ್ಲಿದ್ದು 2007ರವರೆಗೆ ತನ್ನದೇ ನಗರಸಭೆ ಹೊಂದಿದ್ದ ಕೆ.ಆರ್. ಪುರದಲ್ಲಿ, ಅಷ್ಟು ಅನುಕೂಲವಿಲ್ಲದವರಿಗೆ ಉಳಿದ ದಾರಿ ವಿಡಿಯೋ ಪಾರ್ಲರ್. ಟಿಕೆಟ್ ಕೊಂಡು ಬೆಂಚಿನ ಮೇಲೆ ಕೂತು ನೋಡುವ ಆ ಕೋಣೆ ಚಿತ್ರಮಂದಿರ ಹೌದೋ ಅಲ್ಲವೋ ಎಂಬ ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ವಿಸಿಆರ್ ಕೂಡ ಸಿನೆಮಾಟೊಗ್ರಾಫ್ ಪರಿಭಾಷೆಯೊಳಗೆ ಬರುತ್ತದೆ ಎಂದು ಲಕ್ಷ್ಮಿ ವಿಡಿಯೋ ಥಿಯೇಟರ್ಸ್ ಪ್ರಕರಣದಲ್ಲಿ 1993ರಲ್ಲಿ ತೀರ್ಪಾಯಿತು. ಅಲ್ಲಿಗೆ ಪಾರ್ಲರಿಗೂ ಪರವಾನಗಿ ಬೇಕೇಬೇಕೆಂಬುದು ಖಚಿತವಾಯಿತು.

ಕ್ಯಾಸೆಟ್ಟಿನ ಮೇಲೆ ಏನಿರಬೇಕೆಂಬುದನ್ನು ಹಕ್ಕುಸ್ವಾಮ್ಯ ಕಾಯ್ದೆಗೆ 1984ರಲ್ಲಿ ಸೇರಿಸಿದ 52ಎ ವಿಧಿ ಹೇಳುತ್ತದೆ: ತಯಾರಕರ ಹಾಗೂ ಹಕ್ಕುದಾರರ ಹೆಸರು, ವಿಳಾಸ, ಜತೆಗೆ ಸೆನ್ಸಾರ್ ಪ್ರಮಾಣಪತ್ರದ ಪ್ರತಿ. ಇಷ್ಟೂ ಇದ್ದ ಕ್ಯಾಸೆಟ್ ಅಸಲಿ. ಬರಿಯ ಬಿಳಿ ಚೀಟಿಯ ಮೇಲೆ ಪೆನ್ನಿನಲ್ಲಿ ಹೆಸರು ಬರೆದದ್ದು ಏನೆಂದು ಬಾಡಿಗೆಗೆ ಒಯ್ಯುವವನಿಗೂ ತಿಳಿದಿತ್ತು. ಪ್ರತಿಯಿಂದ ಪ್ರತಿ ತೆಗೆದಂತೆ ಚಿತ್ರ ಮಸುಕಾಗುವುದು ಟೇಪಿನ ಗುಣ. ಮೊದಲೇ ಕತ್ತಲೆಯಲ್ಲಿ ತೆಗೆದ ರಾಮ್ಸೆ ಚಿತ್ರಗಳು ನಾಲ್ಕನೆಯ ಪ್ರತಿಯ ಹೊತ್ತಿಗೆ ಬಹುಮಟ್ಟಿಗೆ ಕೇಳುವ ಚಿತ್ರಗಳಾಗುತ್ತಿದ್ದವು.

1990ರ ದಶಕದಲ್ಲಿ ಕೇಬಲ್, 'ಜೀ ಹಾರರ್ ಶೋ' (1993) ಬಂದು ರಾಮ್ಸೆಗಳೇ ಟಿವಿಗೆ ತೆರಳಿದರು. ಬಳಿಕ ವಿಸಿಡಿ. 2007ರ ಹೊತ್ತಿಗೆ ಮೋಸರ್ ಬೇರ್ ಸಂಸ್ಥೆ ವಿಸಿಡಿಯನ್ನು 28 ರೂ.ಗೂ ಡಿವಿಡಿಯನ್ನು 34 ರೂ.ಗೂ ಇಳಿಸಿದಾಗ ಬಾಡಿಗೆ ಅಂಗಡಿಗಳ ಲೆಕ್ಕಾಚಾರವೇ ಬುಡಮೇಲಾಯಿತು. ಕರ್ನಾಟಕದಲ್ಲಿ ವಿಡಿಯೋ ನಕಲಿಗರನ್ನು 2014ರ ತಿದ್ದುಪಡಿಯ ಮೂಲಕ ಗೂಂಡಾ ಕಾಯ್ದೆಯ ವ್ಯಾಪ್ತಿಗೆ ತರಲಾಯಿತು. ಆ ವೇಳೆಗೆ ನೋಡುಗರು ಡಿಸ್ಕನ್ನೇ ಬಿಡತೊಡಗಿದ್ದರು. ಮೋಸರ್ ಬೇರ್ 2018ರಲ್ಲಿ ಸಮಾಪನೆಗೆ ಹೋಯಿತು.

ಹೊರದೇಶದ ಡಿಸ್ಕುಗಳು

ಈ ಚಿತ್ರಗಳಿಗೆ ಒಪ್ಪವಾದ ರೂಪ ಕೊಟ್ಟವರು ಹೊರಗಿನವರು ಎಂಬುದು ಗಮನಾರ್ಹ. ಬ್ರಿಟನ್ನಿನ ಲೇಖಕ ಪೀಟ್ ಟೂಂಬ್ಸ್ 1997ರಲ್ಲಿ 'ಮೊಂಡೊ ಮಕಾಬ್ರೊ' ಎಂಬ ಪುಸ್ತಕ ಬರೆದರು. ಅದೇ ಹೆಸರಿನ ಅವರ ಸಂಸ್ಥೆ 2003ರಲ್ಲಿ 'ಜಿಂದಾ ಲಾಶ್' ಡಿವಿಡಿ ತಂದಿತು. 2006ರಲ್ಲಿ 'ಬಂದ್ ದರ್ವಾಜಾ', 'ಪುರಾನಾ ಮಂದಿರ್' ಎರಡನ್ನೂ ಒಂದೇ ಸಂಪುಟದಲ್ಲಿ ಹೊರತಂದಿತು. 2023ರಲ್ಲಿ ಆರು ರಾಮ್ಸೆ ಚಿತ್ರಗಳು ಹೊಸದಾಗಿ ಸ್ಕ್ಯಾನ್ ಆಗಿ ಬ್ಲೂ-ರೇ ಪೆಟ್ಟಿಗೆಯಲ್ಲಿ ಬಂದವು. ಬಾಡಿಗೆ ಟೇಪಿನಲ್ಲಿ ಬರಿಯ ಕಪ್ಪಾಗಿ ಕಂಡದ್ದು ಕೆಂಪು, ನೀಲಿ ಬೆಳಕಿನ ಅಚ್ಚುಕಟ್ಟಾದ ಛಾಯಾಗ್ರಹಣ ಎಂಬುದು ಆಗ ತಿಳಿಯಿತು. ತುಳಸಿ ರಾಮ್ಸೆ 2018ರ ಡಿಸೆಂಬರಿನಲ್ಲಿಯೂ ಶ್ಯಾಮ್ 2019ರ ಸೆಪ್ಟೆಂಬರಿನಲ್ಲಿಯೂ ತೀರಿಕೊಂಡಿದ್ದರು. ಈ ಪೆಟ್ಟಿಗೆಯನ್ನು ಅವರು ಕಾಣಲಿಲ್ಲ.

ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಲ್ಲಿಯೇ ಸ್ಥಾಪನೆಯಾದರೂ ಸಂರಕ್ಷಣೆಯ ಸರದಿಯಲ್ಲಿ ಇಂತಹ ಚಿತ್ರಗಳು ಮುಂದೆ ನಿಂತದ್ದು ಅಪರೂಪ. ರಾಮ್ಸೆಗಳಿಗಿಂತ ಕೆಳದರ್ಜೆಯ ಎಷ್ಟೋ ಚಿತ್ರಗಳಿಗೆ ಇಂದು ಟೇಪು ಅಥವಾ ವಿಸಿಡಿಯೇ ಆಧಾರ. ತೇವದಲ್ಲಿ ಬೂಷ್ಟು ಹಿಡಿಯುವ, ಕಾಂತೀಯ ಲೇಪ ಉದುರುವ ಟೇಪಿಗೆ ದೀರ್ಘಾಯುಷ್ಯವಿಲ್ಲ. ಅದನ್ನು ಓಡಿಸುವ ಯಂತ್ರಗಳ ತಯಾರಿಕೆಯೂ 2016ರಲ್ಲಿ ಜಪಾನಿನಲ್ಲಿ ನಿಂತಿತು. ಮನೆ ಖಾಲಿ ಮಾಡುವಾಗ ಗುಜರಿಗೆ ತೂಕಕ್ಕೆ ಹಾಕುವ ಕಪ್ಪು ಕ್ಯಾಸೆಟ್ಟುಗಳ ರಾಶಿಯಲ್ಲಿ ಅಂಥದ್ದೊಂದು ಚಿತ್ರದ ಕೊನೆಯ ಪ್ರತಿ ಇದ್ದರೂ ಇರಬಹುದು.